ಬೆಂಕಿಗೂಡಿನ ಮೇಲಿನ ಬಿಸ್ಕತ್ ಡಬ್ಬ

ಎರಡು ಸಾವಿರದ ಐದನೆಯ ಇಸವಿಯ ಚಳಿಗಾಲ. ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯೊಡತಿಯ ಬಾಯಿಂದ ಹೊರಟ ಮಾತು ಕೇಳಿ ನನ್ನ ಕೈಯಲ್ಲಿದ್ದ ಅನ್ನದ ಪಾತ್ರೆ ಸಿಂಕಿಗೆ ಬಿತ್ತು. ಎಪ್ಪತ್ತೈದು ದಾಟಿದ ಹೆಂಗಸು. ಬೆಳಿಗ್ಗೆ ಎದ್ದು ಗುಲಾಬಿ ಗಿಡಗಳಿಗೆ ಗುಡ್ ಮಾರ್ನಿಂಗ್ ಹೇಳುವವರು, ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳದವರನ್ನು ಕಂಡರೆ ಮುಖ ಸಿಂಡರಿಸುವವರು. ಅಂಥವರು ಟಿವಿಯ ಮುಂದೆ ಊರುಗೋಲು ಎತ್ತಿ ನಿಂತು, ಅಂಪೈರನ ತಾಯಿಯಿಂದ ಶುರು ಮಾಡಿ ಅವನ ಕಣ್ಣು, ಅವನ ಹುಟ್ಟು, ಅವನು ಸಾಕಿರಬಹುದಾದ ನಾಯಿಯವರೆಗೆ ಯಾವುದನ್ನೂ ಬಿಡದೆ ಬೈಯುತ್ತಿದ್ದರು. ನಮ್ಮ ತಿಪಟೂರಿನಲ್ಲಿ ಬೀದಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ಜಗಳಕ್ಕೆ ನಿಲ್ಲುವವರು ಕೂಡ ಈ ಮಟ್ಟಕ್ಕೆ ಹೋಗುತ್ತಿರಲಿಲ್ಲ. ಪಂದ್ಯ ಮುಗಿಯಿತು, ಅವರು ಕೂದಲು ಸರಿಮಾಡಿಕೊಂಡು ಅಡುಗೆಮನೆಗೆ ಬಂದರು.

"ಟೀ ಕುಡೀತೀಯಾ, ಲವ್?"

ನಾನು ದಂಗಾಗಿ ತಲೆಯಾಡಿಸಿದೆ.

ಓದಲೆಂದು ಮೆಲ್ಬರ್ನ್‌ಗೆ ಬಂದು ಆಗ ಐದು ತಿಂಗಳಾಗಿತ್ತು. ಯೂನಿವರ್ಸಿಟಿಯ ನೋಟಿಸ್ ಬೋರ್ಡಿನಲ್ಲಿ ಕೈಬರಹದ ಚೀಟಿ ನೋಡಿ ಈ ಮನೆಯ ಹಿಂದಿನ ರೂಮು ಹಿಡಿದಿದ್ದೆ. ಸಮುದ್ರಕ್ಕೆ ಹತ್ತಿರದ ಹಳೆಯ ಸಬರ್ಬ್, ಇಟ್ಟಿಗೆಯ ಸಣ್ಣ ಮನೆ, ಹಿತ್ತಿಲಲ್ಲಿ ಒಂದು ನಿಂಬೆ ಗಿಡ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಹೊರಳಲಿಲ್ಲ, ಆಂಟಿ ಎಂದೇ ಕರೆದೆ. ಅವರೂ ಒಗ್ಗಿಕೊಂಡರು. ಅವರು ನನ್ನನ್ನು ಲವ್ ಎನ್ನುತ್ತಿದ್ದರು, ನಮ್ಮಲ್ಲಿ ಮಗಳೇ ಅನ್ನುವ ಹಾಗೆ.

ಅವರ ಟೀಮಿನ ಬಣ್ಣ ಕೆಂಪು ಮತ್ತು ಬಿಳಿ. ಆಟ ಇಲ್ಲಿಯದೇ ಫುಟ್‌ಬಾಲ್, ಇಲ್ಲಿಯವರ ಬಾಯಲ್ಲಿ ಫುಟಿ. ಚೆಂಡು ಕೋಳಿಮೊಟ್ಟೆಯ ಆಕಾರದ್ದು, ಒದೆಯಬಹುದು, ಹಿಡಿಯಬಹುದು, ಒಬ್ಬನ ಬೆನ್ನ ಮೇಲೆ ಇನ್ನೊಬ್ಬ ಹತ್ತಿ ಹಾರಲೂಬಹುದು. ಕಂಬಗಳ ನಡುವೆ ಹೊಡೆದರೆ ಆರು ಪಾಯಿಂಟ್. ಗುರಿ ಸ್ವಲ್ಪ ತಪ್ಪಿ ಪಕ್ಕದ ಕಂಬದ ಕಡೆ ಹೋದರೂ ಒಂದು ಪಾಯಿಂಟ್ ಉಂಟು. ತಪ್ಪಿದ್ದಕ್ಕೂ ಮಾರ್ಕ್ಸ್ ಕೊಡುವ ಧಾರಾಳತನ ನಮ್ಮ ಮೇಷ್ಟ್ರುಗಳಿಗೆ ಯಾಕೆ ಬರಲಿಲ್ಲವೋ ಎಂದು ನಾನು ಬೆರಗಾಗಿದ್ದೆ.

ಆ ಟೀಮು ಮೂಲದಲ್ಲಿ ಈ ಓಣಿಗಳದ್ದು. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಕೆರೆಯ ಪಕ್ಕದ ಮೈದಾನದಲ್ಲಿ ಆಡುತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ, ಇಲ್ಲಿ ನಡೆಸಲಾಗುವುದಿಲ್ಲ ಎಂದು, ಟೀಮನ್ನು ಎತ್ತಿಕೊಂಡು ಹೋಗಿ ಸಿಡ್ನಿಯಲ್ಲಿ ಕೂರಿಸಿದರು. ಊರದೇವರನ್ನು ಎತ್ತಿ ಪಕ್ಕದೂರಿನವರಿಗೆ ಕೊಟ್ಟುಬಿಟ್ಟಂತೆ. ಸಿಡ್ನಿಯವರಿಗೆ ಆಗ ಈ ಆಟದ ಗಂಧಗಾಳಿಯೂ ಇರಲಿಲ್ಲವೆಂದು ಆಂಟಿ ಹೇಳುವಾಗಲೆಲ್ಲ ಅವರ ಕೆಳತುಟಿ ನಡುಗುತ್ತಿತ್ತು. ಆದರೂ ಅವರು ಟೀಮನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ಮಫ್ಲರ್ ಸುತ್ತಿಕೊಂಡು ಬಸ್ಸು ಹತ್ತಿ ಹತ್ತು ಹನ್ನೆರಡು ಗಂಟೆ ಕೂತು ಸಿಡ್ನಿಗೆ ಹೋಗಿ ಪಂದ್ಯ ನೋಡಿ ಬರುತ್ತಿದ್ದರು. ಅವರ ಗಂಡ ಮಾತ್ರ ಹೋಗಲಿಲ್ಲ. ಸತ್ತರೂ ಸಿಡ್ನಿಗೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದ್ದರಂತೆ. ಹೆಂಡತಿಯನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು, ಕೈ ಕೂಡ ಬೀಸದೆ ಮನೆಗೆ ಬಂದು, ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ಅದೇ ಪಂದ್ಯ ಕೇಳುತ್ತಿದ್ದರಂತೆ. ಅವರು ತೀರಿಹೋಗಿ ಆರು ವರ್ಷವಾಗಿತ್ತು. ಇಷ್ಟು ನನಗೆ ಗೊತ್ತಿತ್ತು. ಅವರು ಎಲ್ಲಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ ಬಂತು. ಊರಿಂದ ಹೊರಡುವಾಗ ಅಮ್ಮ ಬಟ್ಟೆಯ ನಡುವೆ ಒಂದು ಹಿತ್ತಾಳೆಯ ದೀಪಾಲೆ ಕಂಬ ಇಟ್ಟಿದ್ದಳು, ಒಂದು ಗೇಣುದ್ದದ್ದು. ಏಳು ತಿಂಗಳ ಎಣ್ಣೆಯ ಜಿಡ್ಡು ಹಿಡಿದು ಅದು ಕಪ್ಪಗೆ ಕೂತಿತ್ತು. ಹುಣಸೆಹಣ್ಣು ಇತ್ತು, ಬೂದಿ ಬೇಕಿತ್ತು. ನಮ್ಮಲ್ಲಿ ಹಿತ್ತಾಳೆ ಉಜ್ಜುವುದೆಂದರೆ ತೆಂಗಿನ ನಾರು, ಹುಣಸೆಹಣ್ಣು, ಒಲೆಯ ಬೂದಿ. ಆ ಮನೆಯ ಹಜಾರದ ಗೋಡೆಯೊಳಗೆ ಚಳಿಗೆ ಸೌದೆ ಉರಿಸುವ ಹಳೆಯ ಕಾಲದ ಬೆಂಕಿಗೂಡು ಇತ್ತು. ಚಳಿ ಮುಗಿಯಿತೆಂದು ಆಂಟಿ ಅದನ್ನು ಗುಡಿಸಿ ಒರೆಸಿಟ್ಟಿದ್ದರು. ಅದರ ಮೇಲಿನ ಹಲಗೆಯಲ್ಲಿ ಬೆಂಕಿಪೊಟ್ಟಣದ ಪಕ್ಕ ಒಂದು ತಗಡಿನ ಬಿಸ್ಕತ್ ಡಬ್ಬ. ತೆಗೆದು ನೋಡಿದರೆ ಮುಕ್ಕಾಲು ಡಬ್ಬ ಬೂದಿ. ನಮ್ಮಜ್ಜಿಯೂ ಹೀಗೇ ಒಲೆಯ ಬೂದಿ ಜರಡಿ ಹಿಡಿದು ಡಬ್ಬಕ್ಕೆ ತುಂಬಿಡುತ್ತಿದ್ದಳು. ಪರವಾಗಿಲ್ಲ, ಈ ದೇಶದಲ್ಲೂ ಅಚ್ಚುಕಟ್ಟು ಹೆಂಗಸರಿದ್ದಾರೆ ಎಂದು ಮೆಚ್ಚಿಕೊಂಡೆ. ಆಂಟಿ ಅಂಗಡಿಗೆ ಹೋಗಿದ್ದರು. ಬೂದಿಗೆ ಯಾರಾದರೂ ಪರ್ಮಿಷನ್ ಕೇಳುತ್ತಾರೆಯೇ? ಮೂರು ಹಿಡಿ ತೆಗೆದುಕೊಂಡೆ.

ಹಿತ್ತಿಲ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಚೆನ್ನಾಗಿ ಉಜ್ಜಿದೆ. ಬೂದಿ ನುಣ್ಣಗಿರಲಿಲ್ಲ, ಹರಳು ಹರಳಾಗಿತ್ತು, ದೀಪದ ಮೈಮೇಲೆ ಗೀರು ಬಿದ್ದವು. ಇವರ ಜರಡಿ ಸರಿಯಿಲ್ಲ ಎಂದು ಗೊಣಗಿಕೊಂಡೆ. ತೊಳೆದ ನೀರನ್ನು ದಂಡ ಮಾಡಬಾರದೆಂದು ನಿಂಬೆ ಗಿಡದ ಬುಡಕ್ಕೆ ಸುರಿದೆ. ಸಂಜೆ ದೀಪ ಹಚ್ಚಿ, ಆಂಟಿಗೂ ಅರಿಶಿನ ಕುಂಕುಮ ಕೊಟ್ಟು, ಅದೇ ಗಿಡದ ನಿಂಬೆಹಣ್ಣು ಹಿಂಡಿ ಮಾಡಿದ ಚಿತ್ರಾನ್ನ ಬಡಿಸಿದೆ. ಅವರು ದೀಪ ನೋಡಿ, ಎಷ್ಟು ಫಳಫಳ ಅಂತಿದೆ, ಏನು ಹಾಕಿ ಉಜ್ಜಿದೆ ಎಂದು ಕೇಳಿದರು. ನಮ್ಮ ಕಡೆಯ ಪದ್ಧತಿ ಎಂದು ಜಂಬದಿಂದ ಹೇಳಿದೆ.

ಅಷ್ಟರಲ್ಲಿ ಅವರ ಟೀಮು ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್‌ಗೆ ಒಂದು ಮೆಟ್ಟಿಲು ಕೆಳಗೆ ಬಂದು ನಿಂತಿತ್ತು. ಆ ಪಂದ್ಯದ ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ಟಿವಿಯ ಮುಂದಿನ ಖಾಲಿ ಕುರ್ಚಿಯ ಮೇಲೆ ಬಿಸ್ಕತ್ ಡಬ್ಬ ಕೂತಿದೆ. ಅದಕ್ಕೆ ಕೆಂಪು ಬಿಳಿ ಮಫ್ಲರ್ ಸುತ್ತಿದೆ.

"ಆಂಟಿ, ಈ ಡಬ್ಬ ಯಾಕೆ ಇಲ್ಲಿ?"

"ಆ ಹಲಗೆ ಮೇಲಿಂದ ಟಿವಿ ಸರಿಯಾಗಿ ಕಾಣಲ್ಲ ಅವನಿಗೆ."

"ಯಾರಿಗೆ?"

"ನನ್ನ ಗಂಡನಿಗೆ."

ನಾನು ನಕ್ಕೆ. ಅವರು ನಗಲಿಲ್ಲ. ಸುಡುಗಾಡಿನವರು ಕೊಟ್ಟ ಪ್ಲಾಸ್ಟಿಕ್ ಡಬ್ಬ ಚೆನ್ನಾಗಿರಲಿಲ್ಲ, ಅದಕ್ಕೇ ಅವನ ಬಿಸ್ಕತ್ ಡಬ್ಬಕ್ಕೆ ಹಾಕಿಟ್ಟೆ ಎಂದರು. ಪಿಂಗಾಣಿ ಡಬ್ಬದ ಸಕ್ಕರೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು.

ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಕೈಬೆರಳು ನೋಡಿಕೊಂಡೆ, ಉಗುರಿನ ಸಂದಿ ನೋಡಿಕೊಂಡೆ. ಹರಳು ಹರಳು ಎಂದು ಗೊಣಗಿದ್ದೆನಲ್ಲ, ಆ ಹರಳು ಏನೆಂದು ಈಗ ಗೊತ್ತಾಯಿತು. ನಮ್ಮಲ್ಲಿ ಸತ್ತವರ ಬೂದಿಯನ್ನು ಮನೆಯ ಹೊಸ್ತಿಲೊಳಗೆ ತರುವುದಿಲ್ಲ. ನಾನು ಅದರಲ್ಲಿ ಗೌರಿಯ ದೀಪ ಬೆಳಗಿ, ಹತ್ತು ದಿನದಿಂದ ದಿನವೂ ಅದರ ಮುಂದೆ ಕೈಮುಗಿದಿದ್ದೆ. ಅದೂ ಯಾರ ಬೂದಿ, ಇವರು ಆರು ವರ್ಷದಿಂದ ಜೊತೆಗಿಟ್ಟುಕೊಂಡ ಗಂಡನದ್ದು.

ಆಂಟಿ ನನ್ನ ಕಡೆ ನೋಡದೆ ಮಾತು ಮುಂದುವರಿಸಿದರು. ಎಪ್ಪತ್ತು ವರ್ಷ ಮೇಲಾಗಿತ್ತಂತೆ ಆ ಟೀಮು ಕಪ್ಪು ಗೆದ್ದು. ಅವರ ಗಂಡ ಬುದ್ಧಿ ಬಂದಮೇಲೆ ಒಂದನ್ನೂ ಕಂಡಿರಲಿಲ್ಲ. ಸಾಯುವ ಮುಂಚೆ ಹೇಳಿದ್ದರಂತೆ: ಕಪ್ಪು ಗೆದ್ದರೆ ನನ್ನನ್ನು ನಮ್ಮ ಕೆರೆ ಪಕ್ಕದ ಮೈದಾನದಲ್ಲಿ ಚೆಲ್ಲು, ಅಲ್ಲಿಯವರೆಗೆ ಮನೆಯಲ್ಲೇ ಇಟ್ಟುಕೋ.

ಆ ಸಂಜೆ ಟೀಮು ಗೆದ್ದಿತು. ಫೈನಲ್ ಮುಂದಿನ ವಾರ.

ಆ ಇಡೀ ವಾರ, ಕೆಂಪು ಬಿಳಿ ಮಫ್ಲರಿನ ಆ ಮನೆಯೊಳಗೆ, ಆ ಟೀಮು ಸೋಲಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನು. ಸೋತರೆ ಡಬ್ಬ ಮತ್ತೆ ಹಲಗೆ ಹತ್ತುತ್ತದೆ, ಮುಚ್ಚಳ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಗೆದ್ದರೆ ತೆಗೆಯುತ್ತಾರೆ, ಕಡಿಮೆಯಾದದ್ದು ಗೊತ್ತಾಗುತ್ತದೆ. ಆಂಟಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ಈ ಸಲ ನಮ್ಮದೇ ಎನ್ನುವಾಗ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತಡೆಯಲಾಗದೆ ಕಾಲಿಂಗ್ ಕಾರ್ಡು ಉಜ್ಜಿ ನಂಬರು ತೆಗೆದು ಅಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ ನಿನ್ನ ಮನೆ ಕಾಯೋಗ! ಹೆಣದ ಬೂದೀಲಿ ದೇವ್ರ ದೀಪ ಉಜ್ಜಿದ್ಯೇನೆ? ಅದೂ ಪಿತೃಪಕ್ಷ ಬಂದೈತೆ ಈಗ!"

"ಗೊತ್ತಿರಲಿಲ್ಲಮ್ಮ, ಬೆಂಕಿಗೂಡಿನ ಬೂದಿ ಅಂದ್ಕೊಂಡೆ."

"ಮೊದ್ಲು ಹೋಗಿ ತಲೆ ಮ್ಯಾಲೆ ನೀರು ಹುಯ್ಕೋ." ಆಮೇಲೆ ದನಿ ಇಳಿಸಿ ಕೇಳಿದಳು. "ಮನುಷ್ಯ ಒಳ್ಳೇವ್ರಾ?"

"ನಾನೆಲ್ಲಿ ನೋಡಿದ್ದೆ? ಸಿಡ್ನಿ ಕಂಡ್ರೆ ಆಗ್ತಿರಲಿಲ್ಲವಂತೆ."

"ಆ ಯಮ್ಮಂಗೆ ಹೇಳ್ಬಿಡು ಕಣೆ. ಇವತ್ತೇ ಹೇಳು. ತಪ್ಪು ಮಾಡಿರೋದಕ್ಕಿಂತ ಮುಚ್ಚಿಡೋದೇ ದೊಡ್ಡ ತಪ್ಪು."

ಅಮ್ಮ ಹೇಳಿದ್ದು ಸರಿ ಎಂದು ಗೊತ್ತಿದ್ದೂ ನಾನು ಹೇಳಲಿಲ್ಲ. ಹೆದರಿದ್ದೆ. ರೂಮು ಬಿಡು ಎಂದಾರು ಎಂಬ ಹೆದರಿಕೆಗಿಂತ, ಟೀ ಕುಡೀತೀಯಾ ಲವ್ ಎನ್ನುವ ಆ ಮುಖ ಏನಾಗಬಹುದು ಎಂಬ ಹೆದರಿಕೆ. ನನ್ನ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಹಚ್ಚಿಕೊಂಡು ಹೋಗೆಂದು ಅಮ್ಮ ಕೊಟ್ಟ ಕರ್ಪೂರದ ವಾಸನೆಯ ವಿಭೂತಿಯ ಪೊಟ್ಟಣ ಇತ್ತು. ಸುಟ್ಟ ಬೂದಿ ಕದ್ದಿದ್ದಕ್ಕೆ ದೇವರ ಬೂದಿ ಕೊಟ್ಟರೆ ಸರಿಹೋಯಿತಲ್ಲ, ಮೇಲಾಗಿ ಲಾಭವೇ ಆಯಿತು ಎಂದು ನನ್ನ ಬುದ್ಧಿ ನನಗೇ ಸಮಾಧಾನ ಹೇಳಿತು. ಗುರುವಾರ ಆಂಟಿ ಸ್ನಾನಕ್ಕೆ ಹೋದಾಗ ಮಫ್ಲರ್ ಬಿಚ್ಚಿ, ಇಡೀ ಪೊಟ್ಟಣ ಡಬ್ಬಕ್ಕೆ ಸುರಿದು, ಚಮಚದಲ್ಲಿ ಕಲಸಿ, ಮತ್ತೆ ಸುತ್ತಿಟ್ಟೆ. ಆ ಚಮಚವನ್ನು ಎಸೆದೆ. ಮೊದಲನೆಯದು ತಿಳಿಯದೆ ಮಾಡಿದ್ದು, ಇದು ತಿಳಿದೂ ತಿಳಿದೂ ಮಾಡಿದ್ದು.

ಫೈನಲ್‌ಗೆ ಆಂಟಿಗೆ ಟಿಕೆಟ್ ಸಿಗಲಿಲ್ಲ. ಪಂದ್ಯ ನಮ್ಮ ಮೆಲ್ಬರ್ನಿನಲ್ಲೇ, ಟ್ರಾಮ್ ಹತ್ತಿದರೆ ಅರ್ಧ ಗಂಟೆಯ ದಾರಿ, ಆದರೂ ಮನೆಯಲ್ಲೇ ನೋಡಿದೆವು. ಒಂದು ಕುರ್ಚಿಯಲ್ಲಿ ಆಂಟಿ, ಒಂದರಲ್ಲಿ ಡಬ್ಬ, ನೆಲದ ಮೇಲೆ ನಾನು. ಶುರುವಿನಿಂದ ಕೊನೆಯವರೆಗೆ ಒಂದು ಕಡೆಗೂ ವಾಲದ ಪಂದ್ಯ. ಆಶ್ಚರ್ಯವೆಂದರೆ ಆ ದಿನ ಆಂಟಿ ಒಂದೇ ಒಂದು ಬೈಗುಳ ಆಡಲಿಲ್ಲ. ಎರಡೂ ಕೈಯಲ್ಲಿ ಊರುಗೋಲು ಹಿಡಿದು ಕೂತಿದ್ದರು. ಕೊನೆಯ ನಿಮಿಷ, ನಮ್ಮವರು ನಾಲ್ಕೇ ಪಾಯಿಂಟಿನಿಂದ ಮುಂದು. ಎದುರಾಳಿಗಳು ಒದ್ದ ಚೆಂಡು ಗೋಲಿನ ಕಡೆ ಬಂತು. ಏಳೆಂಟು ಜನ ಒಟ್ಟಿಗೆ ಮೇಲಕ್ಕೆ ಹಾರಿದರು. ಸೋಲಲಿ ಎಂದು ಹರಕೆ ಹೊತ್ತಿದ್ದ ನಾನೇ ಎದ್ದು ನಿಂತು, ಹಿಡ್ಕೊಳ್ಳೋ, ಹಿಡ್ಕೊಳ್ಳೋ ಎಂದು ಕನ್ನಡದಲ್ಲಿ ಕಿರುಚುತ್ತಿದ್ದೆ. ಆ ಗುಂಪಿನೊಳಗಿಂದ ನಮ್ಮವನೊಬ್ಬ ಚೆಂಡನ್ನು ಎದೆಗೆ ಅಪ್ಪಿಕೊಂಡು ನೆಲಕ್ಕೆ ಬಿದ್ದ. ಪಂದ್ಯ ಮುಗಿಯಿತೆಂದು ಸೈರನ್ ಕೂಗಿತು.

ಬೀದಿಯಲ್ಲೆಲ್ಲ ಕಾರಿನ ಹಾರ್ನು. ಆಂಟಿ ಎದ್ದು ಟಿವಿಯ ಸೌಂಡು ಪೂರ್ತಿ ಕಡಿಮೆ ಮಾಡಿದರು. ಡಬ್ಬದ ಪಕ್ಕದಲ್ಲಿ ಮಂಡಿಯೂರಿ ಅದರ ಮುಚ್ಚಳದ ಮೇಲೆ ಅಂಗೈ ಇಟ್ಟರು.

"ನೋಡ್ದೆ ಅಲ್ವಾ?" ಎಂದರು. "ನೋಡ್ದೆ ಅಲ್ವಾ ನೀನು?"

ಆಗ ಹೇಳಬೇಕಿತ್ತು. ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕೆರೆಯ ಪಕ್ಕದ ಮೈದಾನಕ್ಕೆ ಹೋದೆವು. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಸುತ್ತಲಿನ ಓಣಿಗಳ ಮುದುಕ ಮುದುಕಿಯರೆಲ್ಲ ಅಲ್ಲಿದ್ದರು. ಮಾಸಿದ ಕೋಟು, ಹೆಣಿಗೆ ಬಿಟ್ಟ ಮಫ್ಲರ್, ಟೀಮು ಇಲ್ಲಿದ್ದ ಕಾಲದ ಬ್ಯಾಡ್ಜು. ಸಂಭ್ರಮ ಯಾರ ಮುಖದಲ್ಲೂ ಇರಲಿಲ್ಲ. ಪೆಟ್ಟು ತಿಂದವರ ಹಾಗೆ ಸುಮ್ಮನೆ ಹುಲ್ಲಿನ ಮೇಲೆ ಓಡಾಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ನಂಬಲಾರದೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಂಟಿ ನನ್ನ ತೋಳು ಹಿಡಿದು ಗೋಲಿನ ಕಂಬ ಇದ್ದ ಕಡೆಗೆ ನಡೆದರು. ಅಲ್ಲೇ ಅವನು ನಿಂತು ಪಂದ್ಯ ನೋಡುತ್ತಿದ್ದದ್ದು ಎಂದು ಹೇಳಿ ಮುಚ್ಚಳ ತೆಗೆದರು.

ಕರ್ಪೂರದ ಘಮ. ಗಾಳಿಯಿದ್ದರೂ ನನಗೆ ಮೂಗಿಗೆ ಬಡಿದಂತಾಯಿತು. ಆಂಟಿ ಡಬ್ಬವನ್ನು ಮುಖದ ಹತ್ತಿರ ತಂದು ಮೂಸಿ ನೋಡಿದರು.

"ಇವನು ಮದುವೆ ಬಿಟ್ರೆ ಇನ್ನೊಂದು ಸಲ ಚರ್ಚಿಗೆ ಹೋದವನಲ್ಲ. ಇದೇನು ವಾಸನೆ?"

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಗೌರಿ ಹಬ್ಬ, ಹುಣಸೆಹಣ್ಣು, ಮೂರು ಹಿಡಿ, ನಿಂಬೆ ಗಿಡ, ವಿಭೂತಿ, ಎಸೆದ ಚಮಚ ಕೂಡ. ಇಂಗ್ಲಿಷ್ ಅರ್ಧದಲ್ಲಿ ಕೈಕೊಟ್ಟಿತು, ಕೈಸನ್ನೆಯಲ್ಲಿ ದೀಪ ಉಜ್ಜಿ ತೋರಿಸಿದೆ. ಆಂಟಿ ಡಬ್ಬದೊಳಗೆ ನೋಡಿದರು, ನನ್ನ ಕೈ ನೋಡಿದರು.

"ತೊಳೆದ ನೀರು ನಿಂಬೆ ಗಿಡಕ್ಕೆ ಹಾಕ್ದೆ ಅಂದ್ಯಾ?"

"ಹೌದು ಆಂಟಿ."

"ನಲವತ್ತು ವರ್ಷ ಆ ಗಿಡದ ಬುಡದಲ್ಲೇ ಉಚ್ಚೆ ಹೊಯ್ದ ಆ ಮನುಷ್ಯ. ಗಿಡಕ್ಕೆ ಒಳ್ಳೇದಂತೆ. ಬಾತ್‌ರೂಮ್ ಇದೆ ಅಂದ್ರೂ ಕೇಳ್ತಿರಲಿಲ್ಲ."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಆಮೇಲೆ ನಿಜವಾಗಿಯೂ ಅತ್ತರು. ನನ್ನ ತೋಳು ಬಿಡದೆಯೇ, ವಿಭೂತಿ ಸಮೇತ, ಗಂಡನನ್ನು ಹುಲ್ಲಿನ ಮೇಲೆ ಚೆಲ್ಲಿದರು.

ನಕ್ಕರೆಂದರೆ ಕ್ಷಮಿಸಿದರೆಂದಲ್ಲ. ಮನೆಗೆ ಬಂದಮೇಲೆ ಎಂಟು ದಿನ ನನಗೆ ಟೀ ಕೇಳಲಿಲ್ಲ. ಒಂಬತ್ತನೆಯ ದಿನ ಕಪ್ಪನ್ನು ನನ್ನ ಮುಂದೆ ಕುಕ್ಕಿ ಹೇಳಿದರು.

"ಉಜ್ಜಿದ್ದಕ್ಕಲ್ಲ ನನ್ನ ಸಿಟ್ಟು. ಇನ್ನೇನನ್ನೋ ತುಂಬಿಸಿ ಅವನು ಪೂರ್ತಿ ಇದ್ದಾನೆ ಅಂತ ನಂಬಿಸೋಕೆ ಹೊರಟೆಯಲ್ಲ, ಅದಕ್ಕೆ."

ಅಮ್ಮನ ಮಾತೇ ಇನ್ನೊಂದು ಭಾಷೆಯಲ್ಲಿ ಬಂದು ಕಪಾಳಕ್ಕೆ ಬಾರಿಸಿದ ಹಾಗಾಯಿತು. ನಾನು ತಲೆತಗ್ಗಿಸಿ ಟೀ ಕುಡಿದೆ. ಅದಾದ ಮೇಲೆ ಆ ಮನೆಯಲ್ಲಿ ಎರಡು ವರ್ಷ ಇದ್ದೆ, ಒಂದು ಸುಳ್ಳೂ ಹೇಳಲಿಲ್ಲ.

ಓದು ಮುಗಿಯಿತು, ಕೆಲಸ ಸಿಕ್ಕಿತು. ಸಿಕ್ಕಿದ್ದು ಸಿಡ್ನಿಯಲ್ಲಿ. ಹೇಳಿದಾಗ ಆಂಟಿ ಕಂಗ್ರಾಜುಲೇಷನ್ಸ್ ಎಂದರು, ಆಮೇಲೆ, ಆ ದೀಪ ತಗೊಂಡು ಬಾ ಎಂದರು. ಹಳೆಯ ಟೂತ್‌ಬ್ರಷ್, ಸೂಜಿ, ಒಂದು ಬಟ್ಟಲು ನೀರು ಇಟ್ಟುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತರು. ಕನ್ನಡಕ ಏರಿಸಿ, ದೀಪದ ಒಂದೊಂದು ಗೆರೆ, ಒಂದೊಂದು ಬಳ್ಳಿಯ ಸಂದಿಯನ್ನೂ ಕೆದಕಿದರು. ನಾನು ಮಾಡ್ತೀನಿ ಕೊಡಿ ಎಂದರೆ ಕೊಡಲಿಲ್ಲ.

"ಒಂದು ಚೂರು ಉಳಿದಿದ್ರೂ ನೀನು ಅವನನ್ನ ಸಿಡ್ನಿಗೆ ಕರ್ಕೊಂಡು ಹೋದ ಹಾಗೆ. ಅವನು ನನ್ನ ಸುಮ್ಮನೆ ಬಿಡಲ್ಲ."

ದೀಪದ ಕಾಲು ಮತ್ತು ಕಂಬ ಸೇರುವ ಕಡೆ ತಿರುಪು ಇದೆ. ಜಿಡ್ಡು ಹಿಡಿದು ಬಿಗಿದುಹೋಗಿತ್ತು, ನಾವಿಬ್ಬರೂ ತಿರುಗಿಸಿದರೂ ಬಿಚ್ಚಲಿಲ್ಲ. ಒಂದು ಗಂಟೆಯ ನಂತರ ಬಟ್ಟಲಿನ ನೀರನ್ನು ಅವರೇ ಎತ್ತಿಕೊಂಡು ಹೋಗಿ ನಿಂಬೆ ಗಿಡಕ್ಕೆ ಸುರಿದು ಬಂದರು.

ಈಗ ನಾನು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ, ಮುಗಿಯದ ಮಾರ್ಟ್‌ಗೇಜಿನ ಮನೆಯಲ್ಲಿದ್ದೇನೆ. ಆಗ ಇದ್ದದ್ದು ಸಿಡ್ನಿಯದೇ ಪ್ಯಾರಮಟ್ಟದ ಬಾಡಿಗೆ ಫ್ಲ್ಯಾಟು. ಅಲ್ಲಿ ಬಂದ ಮೊದಲ ಗೌರಿ ಹಬ್ಬಕ್ಕೆ ದೀಪವನ್ನು ಕುದಿಯುವ ನೀರಿಗೆ ಹಾಕಿದೆ. ಬರಿಯ ಸೋಪು, ಬೂದಿಯ ಹೆಸರೆತ್ತುವ ಧೈರ್ಯ ನನಗಿನ್ನೂ ಇರಲಿಲ್ಲ. ಜಿಡ್ಡು ಕರಗಿ ತಿರುಪು ಸಲೀಸಾಗಿ ಬಿಚ್ಚಿಕೊಂಡಿತು. ಒಳಗಿನ ಸುತ್ತಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಬೂದುಬಣ್ಣದ ಹರಳು ಕೂತಿತ್ತು.

ಕೈ ಒರೆಸಿಕೊಂಡು ತಕ್ಷಣ ಮೆಲ್ಬರ್ನ್‌ಗೆ ಫೋನ್ ಮಾಡಿದೆ. ಈ ಸಲ ಒಂದು ನಿಮಿಷವೂ ತಡಮಾಡಲಿಲ್ಲ.

"ಆಂಟಿ, ಅವರು ನನ್ನ ಜೊತೆ ಬಂದುಬಿಟ್ಟಿದ್ದಾರೆ."

ಅವರಿಗೆ ಅರ್ಥವಾಯಿತು. ಪೋಸ್ಟಿನಲ್ಲಿ ಕಳಿಸಲೇ, ನಾನೇ ತಂದುಕೊಡಲೇ ಎಂದು ಕೇಳಿದೆ.

"ಬೇಡ. ಮತ್ತೆ ತಿರುಪು ಬಿಗಿ ಮಾಡಿಡು," ಎಂದರು. "ಮ್ಯಾಚ್ ಇದ್ದ ದಿನ ಟಿವಿ ಎದುರಿಗೆ ಇಡು. ಆದ್ರೆ ಎಲ್ಲಿದ್ದಾನೆ ಅಂತ ಮಾತ್ರ ಅವನಿಗೆ ಹೇಳ್ಬೇಡ, ಲವ್."